ಆಪೂಸಿನ ಹೊಗೆ

ಶಾಂಭವಿ ಹಿರೇಮಠರ ಮೂಗು ಲಿಸ್ಲ್ ಎಂಬ ಅಮೆರಿಕನ್ ಊರಿನ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಹೆಸರುವಾಸಿ. ಯಾರದೋ ಗೃಹಪ್ರವೇಶಕ್ಕೆ ಹೋದವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, ಒಳಗಿನ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ಕಮಟು ಹಿಡಿದಿದೆ ಎಂದಿದ್ದರು. ಮನೆಯವರು ಮುಚ್ಚಳ ತೆಗೆದು ನೋಡಿದರೆ ನಿಜ. ಅಲ್ಲಿಂದ ಮುಂದೆ ಅವರನ್ನು ಊಟಕ್ಕೆ ಕರೆದವರು ಹಿಂದಿನ ದಿನವೇ ಫ್ರಿಜ್ ತೊಳೆದಿಡುತ್ತಿದ್ದರು.

ಆ ಮೂಗೇ ಅವರ ಕಸುಬಾಗಿತ್ತು. ಧಾರವಾಡದಲ್ಲಿ ಹುಟ್ಟಿ, ಮೈಸೂರಿನಲ್ಲಿ ಆಹಾರ ತಂತ್ರಜ್ಞಾನ ಓದಿ, ಮದುವೆಯಾಗಿ ಇಲ್ಲಿಗೆ ಬಂದವರು ಮನೆಯಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿದ್ದ ಒಂದು ಸಣ್ಣ ಫ್ಲೇವರ್ ಕಂಪನಿಯಲ್ಲಿ ಹತ್ತೊಂಬತ್ತು ವರ್ಷ ದುಡಿದರು. ಐಸ್‌ಕ್ರೀಮಿಗೆ, ಮೊಸರಿಗೆ, ಮಕ್ಕಳ ಕೆಮ್ಮಿನ ಔಷಧಿಗೆ ಬೇಕಾದ ಹಣ್ಣಿನ ವಾಸನೆಗಳನ್ನು ಹನಿಹನಿಯಾಗಿ ಬೆರೆಸಿ ತಯಾರಿಸುವುದು ಕೆಲಸ. ಗಂಡ ಪಂಚಾಕ್ಷರಿ ಐ-88 ಹೆದ್ದಾರಿಯ ಪಕ್ಕದ ಆಫೀಸೊಂದರಲ್ಲಿ ಎಂಜಿನಿಯರ್. ಇಬ್ಬರಿಗೂ ಒಬ್ಬಳೇ ಮಗಳು, ದಿಯಾ.

ದಿಯಾ ಹೈಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಶಾಂಭವಿ ಎಂಟು ತಿಂಗಳು ಕೂತು ಒಂದು ಮಾವು ಮಾಡಿದರು. ಈ ದೇಶದಲ್ಲಿ ಮಾವು ಎಂದು ಮಾರುವ ಫ್ಲೇವರೆಲ್ಲ ಪೀಚ್ ಹಣ್ಣಿಗೆ ಸಕ್ಕರೆಪಾಕ ಸುರಿದಂತಿರುತ್ತದೆ ಎಂಬುದು ಅವರ ದೂರು. ಅವರಿಗೆ ಬೇಕಾಗಿದ್ದದ್ದು ಧಾರವಾಡದ ಆಪೂಸು. ಮಂಚದ ಕೆಳಗೆ ಹುಲ್ಲು ಹಾಸಿ ಹಣ್ಣಾಗಲು ಅಡಿ ಹಾಕಿದ ಕಾಯಿ ಐದನೆಯ ದಿನಕ್ಕೆ ಬಿಡುವ ವಾಸನೆ. ಏನು ಬೆರೆಸಿದರೂ ಅದು ಬರಲಿಲ್ಲ. ಒಂದು ದಿನ ಕಾರು ಓಡಿಸುತ್ತಿರುವಾಗ ಸೊನೆಯ ಯೋಚನೆ ಬಂತು. ತೊಟ್ಟು ಮುರಿದಾಗ ಜಿನುಗುವ, ತುಟಿಗೆ ತಾಗಿದರೆ ಸುಡುವ ಆ ಅಂಟಿನ ಕಟುವಾಸನೆಯನ್ನು ಹತ್ತು ಸಾವಿರದಲ್ಲೊಂದು ಪಾಲು ಸೇರಿಸಿದರು. ಮಾವು ಜೀವ ತಳೆಯಿತು. ಕಾಗದದ ಪಟ್ಟಿಯೊಂದನ್ನು ಅದರಲ್ಲಿ ಅದ್ದಿ ಮನೆಗೆ ತಂದು ಗಂಡನ ಮೂಗಿಗೆ ಹಿಡಿದರು. ಪಂಚಾಕ್ಷರಿ ಕಣ್ಣು ಮುಚ್ಚಿ, "ನಮ್ಮ ಕಾಕಾನ ಮನಿ ಒಳಕೋಲಿ," ಎಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ಶಾಂಭವಿಗೆ ಬೇಕಿರಲಿಲ್ಲ. ಆ ವರ್ಷವೆಲ್ಲ ಅವರ ಕೋಟು, ಕೈಚೀಲ, ತಲೆಗೂದಲು ಮಾವಿನ ಹಣ್ಣಿನಂತೆ ಘಮಗುಟ್ಟುತ್ತಿದ್ದವು.

ದಿಯಾ ಮಿಷಿಗನ್‌ನಲ್ಲಿ ಕಾಲೇಜು ಮುಗಿಸಿ, ವಾರೆನ್‌ನಲ್ಲಿ ಕಾರಿನ ಒಳಭಾಗ ವಿನ್ಯಾಸ ಮಾಡುವ ಕೆಲಸ ಹಿಡಿದಳು. ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಇಂದು ಎಂಬ ಗೆಳತಿಯ ಜೊತೆ ಅಪಾರ್ಟ್‌ಮೆಂಟು. ಹೋದ ವರ್ಷ ಫೆಬ್ರವರಿಯಲ್ಲಿ ಫೋನು ಮಾಡಿದಾಗಲೆಲ್ಲ ಕೆಮ್ಮುತ್ತಿದ್ದಳು. ಕೇಳಿದರೆ ಅಲರ್ಜಿ ಎನ್ನುತ್ತಿದ್ದಳು. ಹಿಮ ಬಿದ್ದ ಕಾಲದಲ್ಲಿ ಎಂಥ ಅಲರ್ಜಿ ಎಂದು ಶಾಂಭವಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕಷಾಯದ ಪುಡಿ ಕಟ್ಟಿಕೊಂಡು ಮುನ್ನೂರು ಮೈಲಿಗೆ ಸ್ವಲ್ಪ ಕಡಿಮೆಯ ಆ ದಾರಿಯನ್ನು ಒಬ್ಬರೇ ಡ್ರೈವ್ ಮಾಡಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಮಗಳ ಕಾರಿನಲ್ಲಿ ತರಕಾರಿಗೆ ಹೊರಟರು. ಬಿಸಿಲು ಬಿದ್ದಾಗ ಮುಂದಿನ ಗಾಜು ಒಳಗಿನಿಂದ ಮಸುಕಾಗಿ ಕಂಡಿತು. ಶಾಂಭವಿ ಟಿಶ್ಯೂ ತೆಗೆದು ಒರೆಸಿದರು. ಟಿಶ್ಯೂ ಬೆರಳಿಗೆ ಅಂಟಿಕೊಂಡಿತು. ಜೊಲ್ಲಿನಂಥ ಅಂಟು, ಅದಕ್ಕೊಂದು ಹಳಸಿದ ಸಿಹಿ ವಾಸನೆ. ಕಾರಿನ ಹೀಟರಿನದೇನೋ ಎಂದು ದಿಯಾ ಹೇಳಿದಳು. ಶಾಂಭವಿ ಕೈಯನ್ನು ಮಡಿಲಲ್ಲಿ ಇಟ್ಟುಕೊಳ್ಳಲಾರದೆ ಅಂಗಡಿ ಬರುವವರೆಗೂ ಗಾಳಿಯಲ್ಲೇ ಹಿಡಿದುಕೊಂಡಿದ್ದರು.

ಮನೆಗೆ ಬಂದ ಮೇಲೆ ದಿಯಾ ಬಾತ್‌ರೂಮಿಗೆ ಹೋಗಿ ಬಂದಳು. ಅವಳ ಹಿಂದೆಯೇ ಕೈ ತೊಳೆಯಲು ಹೋದ ಶಾಂಭವಿ ಬಾಗಿಲಲ್ಲೇ ನಿಂತರು. ಒಳಗೆಲ್ಲ ಮಾವು. ಕಾಯಿಸಿದ ಮಾವು, ಅದರಡಿ ಸುಟ್ಟ ಹತ್ತಿಯಂಥ ಇನ್ನೇನೋ. ಇಷ್ಟೇ ಆಗಿದ್ದರೆ ಸಾಬೂನೋ ಕ್ಯಾಂಡಲ್ಲೋ ಎಂದುಕೊಳ್ಳುತ್ತಿದ್ದರು. ಆದರೆ ಎಲ್ಲದರ ಕೊನೆಯಲ್ಲಿ ತೆಳ್ಳಗೆ, ಮೂಗಿನ ಮೂಲೆಯನ್ನು ಚುಚ್ಚುವ ಸೊನೆ ಇತ್ತು. ಲೋಕದಲ್ಲಿ ಬೇರೆ ಯಾರೂ ಮಾವಿನ ಫ್ಲೇವರಿಗೆ ಸೊನೆ ಹಾಕುವುದಿಲ್ಲ.

ಟವೆಲ್ಲುಗಳ ಹಿಂದೆ ಅದು ಸಿಕ್ಕಿತು. ಅಂಗೈಯಷ್ಟು ಹಳದಿ ಪ್ಲಾಸ್ಟಿಕ್ ಡಬ್ಬಿ, ಮೇಲೊಂದು ಕಣ್ಣು ಮಿಟುಕಿಸುವ ಮಾವಿನಹಣ್ಣಿನ ಚಿತ್ರ. ಕೈಗೆತ್ತಿಕೊಂಡರೆ ಆಟಿಕೆಯಂತೆ ದೀಪ ಹತ್ತಿಕೊಂಡು, ಇನ್ನೆಷ್ಟು ಉಳಿದಿದೆ ಎಂದು ತೋರಿಸಿತು. ಸೇದುವ ತುದಿಯಲ್ಲಿ ಕಂದು ಅಂಟು ಕಟ್ಟಿ, ಅದಕ್ಕೊಂದು ಕೂದಲು ಮೆತ್ತಿಕೊಂಡಿತ್ತು. ಶಾಂಭವಿ ಅದನ್ನು ಹೊರಗೆ ತಂದು ಅಡಿಗೆಕಟ್ಟೆಯ ಮೇಲಿಟ್ಟು, "ಇದೇನವಾ ದಿಯಾ? ಖರೇ ಹೇಳು," ಎಂದರು.

ದಿಯಾ ಅದನ್ನೂ ಅಮ್ಮನನ್ನೂ ನೋಡಿದಳು. "ಅಮ್ಮಾ, ಇಟ್ಸ್ ಎ ವೇಪ್. ಎವ್ರಿಬಡಿ ಡಸ್ ಇಟ್."

"ಎಂದಿನಿಂದ ಸೇದಾಕತ್ತಿ ಈ ಇ-ಸಿಗರೇಟು?"

ಕಾಲೇಜಿನ ಎರಡನೆಯ ವರ್ಷದಿಂದ ಎಂದು ದಿಯಾ ಇಂಗ್ಲಿಷಿನಲ್ಲೇ ಹೇಳಿದಳು. ಆಗ ಅವಳಿಗೆ ಹತ್ತೊಂಬತ್ತು. ಇಪ್ಪತ್ತೊಂದು ತುಂಬದವರಿಗೆ ಮಾರುವಂತಿಲ್ಲ ಎಂಬ ಕಾನೂನು ಇತ್ತು, ಆದರೆ ಕ್ಯಾಂಪಸ್ ಹತ್ತಿರದ ಅಂಗಡಿಯವರು ಯಾರೂ ಒಂದು ದಿನವೂ ವಯಸ್ಸು ಕೇಳಲಿಲ್ಲ. ಈಗ ಎದ್ದ ಕೂಡಲೇ ಅದು ಬೇಕು. ಮೀಟಿಂಗಿನ ನಡುವೆ ಎದ್ದು ಹೋಗಿ ಸೇದಬೇಕು. ದಿಂಬಿನ ಕೆಳಗೆ ಅದು ಇಲ್ಲದಿದ್ದರೆ ಕಣ್ಣು ಹತ್ತುವುದಿಲ್ಲ. ಎರಡು ಸಲ ಬಿಡಲು ನೋಡಿದ್ದಳು, ಆಗಲಿಲ್ಲ.

"ಸಿಗರೇಟಿನ ನಾತಕ್ಕ ಮೂಗು ಮುಚ್ಚಿಕೊಳ್ಳೋಕಿ ನೀ. ಇದನ್ನ ಹೆಂಗ ಬಾಯಾಗ ಇಟ್ಟಿ?"

ದಿಯಾ ಹಳದಿ ಡಬ್ಬಿಯನ್ನು ಬೆರಳಿನಿಂದ ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಹೇಳಿದಳು: "ಬಿಕಾಸ್ ಇಟ್ ಸ್ಮೆಲ್ಡ್ ಲೈಕ್ ಯೂ. ನಿನ್ ಕೋಟ್ ಥರಾ."

ಆ ಮಾವನ್ನು ಮಾಡಿದ್ದು ತಾನೇ ಎಂದು ಶಾಂಭವಿ ಆಗ ಹೇಳಲಿಲ್ಲ. ಸಿಂಕಿಗೆ ಹೋಗಿ ಕೈ ತೊಳೆದರು, ಒರೆಸಿದರು, ಮೂಸಿದರು, ಮತ್ತೆ ತೊಳೆದರು.

ಊರಿಗೆ ಮರಳಿದ ಮೇಲೆ ಆಫೀಸಿನಲ್ಲಿ ಹಳೆಯ ಕಡತ ತೆರೆದರು. ಮೂಲ ಮಾವಿನ ಕೆಳಗೇ ಇನ್ನೊಂದು ನಮೂದು ಇತ್ತು. ನಾಲ್ಕು ವರ್ಷದ ನಂತರ ತಿದ್ದಿದ ಮಾವು. ಎಣ್ಣೆಯಂಶ ಇರಕೂಡದು, ಸಕ್ಕರೆ ಇರಕೂಡದು, ನಾನೂರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಗೆ ಕೆಡಬಾರದು. ಬಳಕೆ ಎಂಬ ಕಡೆ 'ಇತರೆ' ಎಂದು ಬರೆದಿತ್ತು. ಅದರಡಿ ಇದ್ದ ಸಹಿ ಶಾಂಭವಿಯದೇ. ಸೊನೆ ಬಿಸಿಗೆ ಹಾರಿಹೋಗದಂತೆ ಕಟ್ಟಿಹಾಕಲು ಆಗ ಮೂರು ವಾರ ಒದ್ದಾಡಿದ್ದು, ಕೈಗೂಡಿದಾಗ ಹಿಗ್ಗಿದ್ದು ಅವರಿಗೆ ಚೆನ್ನಾಗಿ ನೆನಪಾಯಿತು.

ಕಂಪನಿಯ ಮಾರಾಟ ವಿಭಾಗದ ಮುಖ್ಯಸ್ಥ ಶೇಷಾದ್ರಿ. ಬೆಂಗಳೂರಿನವರು, ಕನ್ನಡ ಕೂಟದ ಯುಗಾದಿಗೆ ಪ್ರತಿವರ್ಷ ನಿರೂಪಣೆ ಮಾಡುವವರು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮೊಸರನ್ನ ಕಲಸುತ್ತಿದ್ದ ಅವರ ಎದುರಿಗೆ ಹೋಗಿ ಶಾಂಭವಿ ಕೂತರು.

"ಆ ತಿದ್ದಿದ ಮಾವು ಎಲ್ಲಿಗೆ ಹೋಗತೈತ್ರಿ?"

"ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಟ್ರೇಡರ್ ತಗೋತಾನೆ. ಯಾಕೆ?"

"ಅಲ್ಲಿಂದ?"

ಶೇಷಾದ್ರಿ ಚಮಚ ಕೆಳಗಿಡಲಿಲ್ಲ. "ಶಾಂಭವಿ ಅವರೇ, ನಾವು ಫ್ಲೇವರ್ ಮಾರ್ತೀವಿ. ಅವರು ಅದನ್ನ ಎಲ್ಲಿಗಾದ್ರೂ ಕಳಿಸ್ಕೊಳ್ಳಲಿ. ಚಾಕು ಮಾರೋವ್ನು ತರಕಾರಿ ಹೆಚ್ತೀಯಾ ಇನ್ನೇನಾದ್ರೂ ಮಾಡ್ತೀಯಾ ಅಂತ ಕೇಳ್ತಾನಾ?"

"ನಿಮಗ ಗೊತ್ತಿತ್ತು."

"ನಿಮಗೂ ಗೊತ್ತಿತ್ತು," ಎಂದು ಶೇಷಾದ್ರಿ ತಣ್ಣಗೆ ಹೇಳಿ, ಬೆರಳಿಗೆ ಮೆತ್ತಿದ ಅನ್ನದ ಅಗುಳನ್ನು ನೆಕ್ಕಿದರು. "ಎಣ್ಣೆ ಬೇಡ, ಬಿಸಿ ತಡೀಬೇಕು ಅಂದ್ರೆ ಇನ್ಯಾವ ತಿಂಡಿಗೆ ಅಂದ್ಕೊಂಡ್ರಿ?"

ಆ ಮಾತಿಗಿಂತ ಆ ನೆಕ್ಕಿದ ಬೆರಳು ಶಾಂಭವಿಗೆ ಹೇಸಿಗೆ ಹುಟ್ಟಿಸಿತು. ಕೂಟದ ವೇದಿಕೆಯ ಮೇಲೆ, ನಮ್ಮ ಮಕ್ಕಳಿಗೆ ನಮ್ಮ ಸಂಸ್ಕೃತಿಯ ಪರಿಮಳ ದಾಟಿಸಬೇಕು ಎಂದು ಭಾಷಣ ಮಾಡುವುದು ಇದೇ ಬಾಯಿ. ಆದರೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ. ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಎಲ್ಲವನ್ನೂ ಗಂಡನಿಗೆ ಹೇಳಿದರು.

ಪಂಚಾಕ್ಷರಿ ಕೇಳಿದರು: "ನಿನಗ ಆವಾಗ ಗೊತ್ತಿತ್ತೇನು?"

"ಗೊತ್ತಿತ್ತು ಅನ್ನೋದಕ್ಕಿಂತ, ಕೇಳಬಾರದು ಅನ್ನೋದು ಗೊತ್ತಿತ್ರಿ. ಬೇಕರಿಗೆ ಇರಬೇಕು ಅಂತ ನನಗ ನಾನ ಹೇಳಿಕೊಂಡೆ. ಬೇಕರಿಯವರು ಎಣ್ಣಿ ಬ್ಯಾಡ ಅಂತಾರೇನು? ಪುಪ್ಪುಸದಾಗ ಎಣ್ಣಿ ಹೋಗಬಾರದು ಅಂತ ಅದು. ಇಷ್ಟು ತಿಳೀಲಾರದಷ್ಟು ದಡ್ಡಿ ನಾನಲ್ಲ."

ಪಂಚಾಕ್ಷರಿ ಹೆಂಡತಿಯ ಆರಿದ ಚಹಾ ಚೆಲ್ಲಿ, ಬೇರೆ ಕಾಸಲು ಇಟ್ಟರು.

ಅವರಿದ್ದ ಊರು ಲಿಸ್ಲ್‌ಗೆ ಅಂಟಿಕೊಂಡ ಇನ್ನೊಂದು ವಿಲೇಜು. ಹೆಸರಿಗೆ ಹಳ್ಳಿ, ಅರುವತ್ತು ಸಾವಿರ ಜನ. ಸುವಾಸನೆ ಸೇರಿಸಿದ ಇ-ಸಿಗರೇಟುಗಳನ್ನು ಊರ ಗಡಿಯೊಳಗೆ ಮಾರಬಾರದು ಎಂಬ ಪ್ರಸ್ತಾಪ ಆ ಮಾರ್ಚಿನಲ್ಲಿ ಊರಾಡಳಿತ ನಡೆಸುವ ವಿಲೇಜ್ ಬೋರ್ಡಿನ ಮುಂದೆ ಬಂತು. ಯಾರು ಬೇಕಾದರೂ ಹೆಸರು ಬರೆಸಿ ಮೂರು ನಿಮಿಷ ಮಾತಾಡಬಹುದು.

ಮಾತಾಡುವ ಮೊದಲು ಕಣ್ಣಾರೆ ನೋಡಬೇಕೆಂದು ಶಾಂಭವಿ ಹೈವೇ ಎಕ್ಸಿಟ್ ಪಕ್ಕದ ವೇಪ್ ಅಂಗಡಿಗೆ ಹೋದರು. ನೆಲದಿಂದ ಸೂರಿನವರೆಗೆ ಬಣ್ಣಬಣ್ಣದ ಡಬ್ಬಿಗಳು. ಕಾಟನ್ ಕ್ಯಾಂಡಿ, ಕಲ್ಲಂಗಡಿ, ಹುಟ್ಟುಹಬ್ಬದ ಕೇಕು. ಮಕ್ಕಳ ಪೆಟ್ಟಿಗೆಯಿಂದ ಎತ್ತಿ ತಂದಂತೆ ಕರಡಿಮರಿ, ಯೂನಿಕಾರ್ನ್ ಚಿತ್ರಗಳು. ಒಂದರಲ್ಲಿ ಸೇದುತ್ತ ಆಡಲು ವಿಡಿಯೋ ಗೇಮೇ ಇತ್ತು. ಕಾಲಿಟ್ಟಲ್ಲಿ ಕಾರ್ಪೆಟ್ಟು ಚಪ್ಪಲಿಗೆ ಅಂಟಿ ಬಿಡುತ್ತಿತ್ತು. ಗಲ್ಲೆಯ ಹಿಂದಿದ್ದ ಇಪ್ಪತ್ತೆರಡು ವರ್ಷದ ಹುಡುಗಿ ಮಾತುಮಾತಿಗೂ ಕೆಮ್ಮಿ, ಕೆಮ್ಮು ನಿಂತ ಕೂಡಲೇ ಒಂದೆಳೆ ಸೇದುತ್ತಿದ್ದಳು. ಯಾವುದು ಹೆಚ್ಚು ಹೋಗುತ್ತದೆ ಎಂದು ಕೇಳಿದಾಗ ಮ್ಯಾಂಗೋ ಎಂದು ಆ ಕಣ್ಣು ಮಿಟುಕಿಸುವ ಹಳದಿ ಡಬ್ಬಿಯನ್ನೇ ತೋರಿಸಿದಳು. "ಇಟ್ಸ್ ಸೋ ರಿಯಲ್," ಎಂದೂ ಸೇರಿಸಿದಳು. ತಾನು ಎಂಟು ತಿಂಗಳು ಬಯಸಿದ್ದ ಹೊಗಳಿಕೆ ಅದೇ ಆಗಿತ್ತು. ಶಾಂಭವಿ ಹೊರಗೆ ಬಂದು ಕಾರಿನ ಪಕ್ಕದ ಹಿಮದ ಗುಡ್ಡೆಯ ಮೇಲೆ ವಾಂತಿ ಮಾಡಿಕೊಂಡರು.

ಬೋರ್ಡಿನ ಸಭೆ ಸಂಜೆ ಏಳಕ್ಕೆ. ಮೊದಲು ಅಂಗಡಿಯ ಮಾಲೀಕ ಎದ್ದು, ತನ್ನ ಗಿರಾಕಿಗಳೆಲ್ಲ ವಯಸ್ಕರು, ವಯಸ್ಕರ ಆಯ್ಕೆಗೆ ಸರಕಾರ ಕೈಹಾಕಬಾರದು ಎಂದ. ಅವನ ನಂತರ ಬಂದವನು ಅರುವತ್ತು ದಾಟಿದ ಟ್ರಕ್ ಚಾಲಕ. ನಲವತ್ತು ವರ್ಷ ಸಿಗರೇಟು ಸೇದಿದವನು ಇದರಿಂದಲೇ ಬಿಟ್ಟೆ, ಬ್ಲೂಬೆರಿ ಇಲ್ಲದಿದ್ದರೆ ಮತ್ತೆ ಸಿಗರೇಟಿಗೇ ಹೋಗುತ್ತೇನೆ ಎಂದು ನಿಧಾನವಾಗಿ ಹೇಳಿದ. ಅವನು ಸುಳ್ಳು ಹೇಳುತ್ತಿಲ್ಲವೆಂದು ಶಾಂಭವಿಗೆ ಅನ್ನಿಸಿತು. ಕೈಯಲ್ಲಿದ್ದ ಚೀಟಿಯಲ್ಲಿ ಬರೆದುಕೊಂಡಿದ್ದ ಎರಡು ಸಾಲುಗಳನ್ನು ಹೊಡೆದುಹಾಕಿದರು.

ಮೂರನೆಯವರಾಗಿ ಅವರು ನಿಂತರು. ಇಂಗ್ಲಿಷಿನಲ್ಲಿ, ಧಾರವಾಡದ ಗಟ್ಟಿ ಉಚ್ಚಾರದಲ್ಲಿ ಹೇಳಿದ್ದು ಇಷ್ಟು:

"ನಾನು ಫ್ಲೇವರ್ ತಯಾರಿಸುವವಳು. ನಮ್ಮ ಎಕ್ಸಿಟ್ ಪಕ್ಕದ ಅಂಗಡಿಯಲ್ಲಿ ಹೆಚ್ಚು ಮಾರಾಟವಾಗುವ ಮಾವನ್ನು ಮಾಡಿದ್ದು ನಾನು. ನಾನು ಚಿಕ್ಕವಳಿದ್ದಾಗ ತಿಂದ ಹಣ್ಣಿನ ವಾಸನೆ ಅದು. ಮೂಸಿದವರಿಗೆ ಮನೆ ನೆನಪಾಗಲಿ ಎಂದೇ ಮಾಡಿದೆ. ನನ್ನ ಮಗಳಿಗೆ ನೆನಪಾಯಿತು. ಐದು ವರ್ಷದಿಂದ ಅವಳು ಅದನ್ನು ಬಿಡಲಾರದೆ ಒದ್ದಾಡುತ್ತಿದ್ದಾಳೆ. ನಿಕೋಟಿನ್ ಬಾಯಿಗೆ ಕಹಿ, ಗಂಟಲಿಗೆ ಉರಿ. ಅದನ್ನು ಯಾರೂ ಮೊದಲ ಸಲ ಇಷ್ಟಪಟ್ಟು ಸೇದುವುದಿಲ್ಲ. ಆ ಕಹಿಯನ್ನು ಮುಚ್ಚುವುದೇ ನನ್ನ ಕೆಲಸವಾಗಿತ್ತು. ಚೆನ್ನಾಗಿ ಮುಚ್ಚಿದ್ದೇನೆ. ಈಗ ಮಾತಾಡಿದ ಹಿರಿಯರು ಸಿಗರೇಟು ಬಿಟ್ಟದ್ದು ಸಂತೋಷ, ಅವರಿಗೆ ಏನು ಹೇಳಬೇಕೋ ನನಗೆ ತಿಳಿಯದು. ಆದರೆ ಆ ಕರಡಿಮರಿಯ ಚಿತ್ರವನ್ನು ಯಾರೂ ಅವರಿಗಾಗಿ ಬರೆಯಲಿಲ್ಲ."

ಬೋರ್ಡಿನ ಸದಸ್ಯನೊಬ್ಬ ಕೇಳಿದ: ಹಾಗಾದರೆ ನೀವು ತಯಾರಿಸಿದ್ದನ್ನೇ ನಿಷೇಧಿಸಿ ಎನ್ನುತ್ತೀರಾ?

"ಹೌದು," ಎಂದು ಶಾಂಭವಿ ಕೂತುಬಿಟ್ಟರು.

ನಾಲ್ಕಕ್ಕೆ ಎರಡು ಮತಗಳಿಂದ ಪ್ರಸ್ತಾಪ ಪಾಸಾಯಿತು. ಜೂನ್ ಒಂದರಿಂದ ಜಾರಿ.

ಕಂಪನಿಯ ಹೆಸರನ್ನು ಅವರು ಎತ್ತಿರಲಿಲ್ಲ, ಆದರೆ ಸಭೆಯ ವಿಡಿಯೋ ಎಲ್ಲೆಡೆ ಓಡಾಡಿತು. ಮೂರನೆಯ ದಿನ ಶೇಷಾದ್ರಿ ಕೋಣೆಗೆ ಕರೆದು, "ನಮ್ಮವರೇ ಹೀಗೆ ಮಾಡಿದ್ರೆ ಹೇಗೆ? ಬೋರ್ಡ್‌ನಲ್ಲಿ ಯಾರೋ ಕನ್ನಡದೋರೊಬ್ಬರು ನಿಮ್ಮನ್ನ ಎತ್ತಿಕಟ್ಟಿದ್ರಾ?" ಎಂದರು. ತಪ್ಪು ತಿಳಿದು ಮಾತಾಡಿದೆ ಎಂದು ಒಂದು ಕಾಗದ ಬರೆದುಕೊಟ್ಟರೆ ಮುಗಿಯಿತು ಎಂದೂ ಹೇಳಿದರು. ಶಾಂಭವಿ ಕಾಗದ ಬರೆದುಕೊಟ್ಟರು, ಆದರೆ ರಾಜೀನಾಮೆಯ ಕಾಗದ. ಹತ್ತೊಂಬತ್ತು ವರ್ಷದ ಸಾಮಾನು ಒಂದು ಚೀಲದಲ್ಲಿ ಹಿಡಿಯಿತು. ಬೆನ್ನಹಿಂದೆ ಕೂಟದವರು ಎರಡು ಪಾಲಾಗಿ ಮಾತಾಡಿಕೊಂಡರು. ಮಗಳ ಮರ್ಯಾದೆಯನ್ನು ಬೀದಿಗೆ ತಂದಳು ಎಂದವರೇ ಹೆಚ್ಚು.

ದಿಯಾ ಕೂಡ ಮೊದಲು ಹಾಗೇ ಅಂದುಕೊಂಡಳು. ವಿಡಿಯೋ ಅವಳ ಆಫೀಸಿನವರೆಗೂ ಹೋಗಿತ್ತು. ಎರಡು ವಾರ ಫೋನೆತ್ತಲಿಲ್ಲ. ಆಮೇಲೆ ಒಂದು ಭಾನುವಾರ ತಾನೇ ಫೋನು ಮಾಡಿ, ಮಾಡಿದ್ದು ನೀನು ಎಂದು ನನಗೇ ಮೊದಲು ಹೇಳಬೇಕಾಗಿತ್ತು ಎಂದು ಅತ್ತಳು.

"ಹೇಳಬೇಕಿತ್ತವಾ. ಹೇಳೋ ಧೈರ್ಯ ಆಗಲಿಲ್ಲ. ಊರ ಮುಂದ ಹೇಳೋದು ಸರಳ ಆತು, ನಿನ್ನ ಮುಂದ ಆಗಲಿಲ್ಲ," ಎಂದರು ಶಾಂಭವಿ.

ಜೂನ್ ಎರಡನೆಯ ವಾರ ದಿಯಾ ರಜೆ ಹಾಕಿ ಮನೆಗೆ ಬಂದಳು. ಡಾಕ್ಟರು ಕೊಟ್ಟ ನಿಕೋಟಿನ್ ಪಟ್ಟಿಯನ್ನು ತೋಳಿಗೆ ಅಂಟಿಸಿಕೊಂಡು, ಬಿಡುತ್ತೇನೆ ಎಂದಳು. ಆ ಹತ್ತು ದಿನಗಳು ಚಂದದವಲ್ಲ. ಬೆವರಿನಿಂದ ಹಾಸಿಗೆ ತೊಯ್ಯುತ್ತಿತ್ತು. ಬೆಳಿಗ್ಗೆ ಕೆಮ್ಮಿ ಕೆಮ್ಮಿ ಸಿಂಕಿನಲ್ಲಿ ಕಂದು ಕಫ ಉಗುಳುತ್ತಿದ್ದಳು. ತೊಳೆಯುವಾಗ ಶಾಂಭವಿಗೆ ಅದರಲ್ಲೂ ಆ ಹಳಸಿದ ಸಿಹಿ ವಾಸನೆ ಬಡಿಯುತ್ತಿತ್ತು. ಏಳನೆಯ ದಿನ ದಿಯಾ ಹಾಲು ತರುತ್ತೇನೆಂದು ಹೋಗಿ ಬಂದಳು. ಒಳಗೆ ಕಾಲಿಟ್ಟದ್ದೇ ಅವಳ ಉಸಿರಿನಲ್ಲಿ ಮಾವು ಇತ್ತು.

ಎಕ್ಸಿಟ್ ಪಕ್ಕದ ಅಂಗಡಿ ಮುಚ್ಚಿದ್ದು ನಿಜ. ಆದರೆ ಮಾಲೀಕ ನಾಲ್ಕು ಲೇನಿನ ರಸ್ತೆ ದಾಟಿ ಎದುರು ಬದಿಗೆ ಹೋಗಿದ್ದ. ಅದು ಬೇರೆ ವಿಲೇಜಿನ ಗಡಿ, ಅಲ್ಲಿ ನಿಷೇಧವಿಲ್ಲ. ಅದೇ ನಾಮಫಲಕ, ಅವೇ ಕರಡಿಮರಿಗಳು. ಶಾಂಭವಿ ನೌಕರಿ ಬಿಟ್ಟು, ಊರ ಮುಂದೆ ನಿಂತು ಗಳಿಸಿದ್ದು ನಾಲ್ಕು ಲೇನಿನಷ್ಟು ಅಗಲದ ರಸ್ತೆ.

ಅವರು ಬೈಯಲಿಲ್ಲ. ಮಗಳೇ ಹೊಸ ಡಬ್ಬಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟಳು. "ಅಮ್ಮಾ, ಐ ಹೇಟ್ ದಟ್ ಇಟ್ಸ್ ಸ್ಟಿಲ್ ಗುಡ್," ಎಂದಳು. ಪಂಚಾಕ್ಷರಿ ಗರಾಜಿಗೆ ಹೋಗಿ ಸುತ್ತಿಗೆ ತಂದರು. ಒಳಗೆ ಬ್ಯಾಟರಿ ಇದೆ, ಒಡೆದರೆ ಬೆಂಕಿ ಹತ್ತುತ್ತದೆ ಎಂದು ದಿಯಾ ತಡೆದಳು. ಅವರು ಸುತ್ತಿಗೆ ಹಿಡಿದು ಏನು ಮಾಡಬೇಕೆಂದು ತಿಳಿಯದೆ ನಿಂತದ್ದನ್ನು ನೋಡಿ ತಾಯಿ ಮಗಳಿಬ್ಬರಿಗೂ ನಗು ಬಂತು. ಎಷ್ಟೋ ವಾರಗಳ ನಂತರ ಆ ಮನೆಯಲ್ಲಿ ಕೇಳಿದ ಮೊದಲ ನಗು.

ದಿಯಾ ಬಿಡುವ ಪ್ರಯತ್ನವನ್ನು ಮತ್ತೆ ಶುರು ಮಾಡಿದಳು. ಜುಲೈನಲ್ಲಿ ಇನ್ನೊಮ್ಮೆ ಜಾರಿದಳು, ಅದನ್ನೂ ತಾನೇ ಫೋನು ಮಾಡಿ ಹೇಳಿದಳು. ಆಗಸ್ಟಿನಿಂದ ಮುಟ್ಟಿಲ್ಲ. ಕೆಮ್ಮು ಕಡಿಮೆಯಾಗಿದೆ, ಪೂರಾ ಹೋಗಿಲ್ಲ. ಹೋಗುತ್ತದೋ ಇಲ್ಲವೋ ಎಂದು ಕೇಳಿದರೆ ಡಾಕ್ಟರು ಕಾದು ನೋಡೋಣ ಎನ್ನುತ್ತಾರೆ. ಶಾಂಭವಿ ಈಗ ಮಸಾಲೆ ಪುಡಿಗಳಲ್ಲಿ ಸೀಸ, ಬಣ್ಣ ಕಲಬೆರಕೆಯಾಗಿದೆಯೇ ಎಂದು ಪರೀಕ್ಷಿಸುವ ಲ್ಯಾಬಿನಲ್ಲಿದ್ದಾರೆ. ಅಲ್ಲಿ ಮೂಗಿಗೆ ಹೆಚ್ಚು ಕೆಲಸವಿಲ್ಲ, ಯಂತ್ರಗಳೇ ಎಲ್ಲ ಹೇಳುತ್ತವೆ. ಅವರ ಮಾವು ಮಾತ್ರ ಇನ್ನೂ ಮಾರಾಟವಾಗುತ್ತಿದೆ. ಸೂತ್ರ ಕಂಪನಿಯದು, ಅದನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ.

ಅಕ್ಟೋಬರಿನಲ್ಲಿ ರಸ್ತೆಯಾಚೆಯ ವಿಲೇಜಿನ ಬೋರ್ಡಿನ ಮುಂದೆಯೂ ಅದೇ ವಿಷಯ ಬಂತು. ಶಾಂಭವಿ ಹೋಗುವ ತಯಾರಿಯಲ್ಲಿದ್ದಾಗ, ವಾರಾಂತ್ಯಕ್ಕೆ ಸೇರಿಸಿ ರಜೆ ಹಾಕಿ ಬಂದಿದ್ದ ದಿಯಾ ತಾನೂ ಹೊರಟಳು. ಹೆಸರು ಬರೆಸುವ ಚೀಟಿಯನ್ನು ಅಮ್ಮನ ಕೈಯಿಂದ ತೆಗೆದುಕೊಂಡು ತನ್ನ ಹೆಸರು ಬರೆದಳು.

"ನೀ ಮಾತಾಡ್ತೀಯೇನು?" ಎಂದು ಶಾಂಭವಿ ಕೇಳಿದರು.

"ನೀನ್ ಮಾಡಿದ್ದು ನೀನ್ ಹೇಳಿದೀಯಾ. ನಂದು ನಾನ್ ಹೇಳ್ತೀನಿ."

ದಿಯಾ ಮಾತಾಡಿದ್ದು ಎರಡೇ ನಿಮಿಷ. ಅಂಗಡಿಯವರು ವಯಸ್ಸು ಕೇಳದೆ ಕೊಟ್ಟದ್ದು, ಮೀಟಿಂಗುಗಳ ನಡುವೆ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಸೇದಿದ್ದು, ಸಿಂಕಿನ ಕಂದು ಕಫ, ಯಾವುದನ್ನೂ ಮುಚ್ಚಲಿಲ್ಲ. ನಡುವೆ ಎರಡು ಸಲ ಕೆಮ್ಮು ಬಂದು ನೀರು ಕುಡಿದಳು. ಮುಂದಿನ ಸಾಲಿನಲ್ಲಿದ್ದ ಮಾಲೀಕ ಅಷ್ಟು ಹೊತ್ತೂ ಫೋನು ನೋಡುತ್ತ ಕೂತಿದ್ದ. ಬೋರ್ಡು ವಿಷಯವನ್ನು ಇನ್ನಷ್ಟು ಪರಿಶೀಲನೆಗೆಂದು ಜನವರಿಗೆ ತಳ್ಳಿತು.

ಹೊರಗೆ ಬಂದಾಗ ದಿಯಾಳ ಕೈ ತಣ್ಣಗಿತ್ತು. ಶಾಂಭವಿ ಅದನ್ನು ತಮ್ಮ ಕೋಟಿನ ಜೇಬಿನೊಳಗೆ ಸೇರಿಸಿಕೊಂಡು ಕಾರಿನವರೆಗೂ ನಡೆದರು.

"ಜನವರಿಯಾಗ ಮತ್ತ ಬರೂದಾತು," ಎಂದರು.

"ಬರ್ತೀನಿ," ಎಂದಳು ದಿಯಾ.